ಕೃತ್ರಿಮ ಬಿಂಬ ಮತ್ತು ಭವ್ಯತೆ: ಬೊಪ್ಪಣನ ಒಂದು ಪದ್ಯದ ವಿವೇಚನೆ

ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನ ದರ್ಶನ ಮುಗಿಸಿದ ಯಾತ್ರಿಕರಲ್ಲಿ ಅನೇಕರು ಅಲ್ಲಿಂದ ಪಡುವಣಕ್ಕೆ ಹೊರಟು, ಹಾಸನ, ಆಲೂರು, ಸಕಲೇಶಪುರಗಳ ಮಾರ್ಗವಾಗಿ ಶಿರಾಡಿ ಘಾಟಿಯನ್ನಿಳಿದು ಧರ್ಮಸ್ಥಳ, ವೇಣೂರು, ಕಾರ್ಕಳಗಳನ್ನು ಸಂದರ್ಶಿಸುತ್ತಾರೆ. ಈ ಯಾತ್ರೆಯ ಮೊದಲಲ್ಲಿ ಕ್ರಿ.ಶ. 981ರ ಸುಮಾರಿನಲ್ಲಿ ಪ್ರತಿಷ್ಠಿತವಾದ, ಹೆಚ್ಚುಕಡಮೆ 58 ಅಡಿ ಎತ್ತರದ ಬಾಹುಬಲಿಯ ಬಿಂಬವಿದೆ. ಕೊನೆಯಲ್ಲಿ 1432ರ ಕಾರ್ಕಳದ ಬಿಂಬ, 1604ರ ವೇಣೂರಿನ ಬಿಂಬ, 1982ರಲ್ಲಿ ಪ್ರತಿಷ್ಠೆಗೊಂಡ ಧರ್ಮಸ್ಥಳದ ಬಿಂಬ ಇವೆ. ಇವುಗಳ ನಡುವೆ ಹಬ್ಬಿರುವುದು ಆಲೂರು-ಸಕಲೇಶಪುರಗಳ ಬೆಟ್ಟಸಾಲು. ಹೇಮಾವತಿಯ ಕಣಿವೆಯಿಂದ ಬಿಸಿಲೆಯ ಕಾಡಿನವರೆಗೆ, ಅಲ್ಲಿಂದ ಪುಷ್ಪಗಿರಿಯ ನೆತ್ತಿಯವರೆಗೆ ಕಣ್ಣು ಹಾಯಿಸಿದವನಿಗೆ ಮನುಷ್ಯನ ಅಳತೆಗಳೆಲ್ಲ ಕಿರಿದಾಗಿ ತೋರುತ್ತವೆ. ಮಾನವನು ಕಡೆದ ಬಿಂಬದ ಮುಂದೆ ನಿಂತಾಗಲೂ, ಮಾನವನ ಕೈ ತಾಗದ ಗಿರಿಯ ಮುಂದೆ ನಿಂತಾಗಲೂ ಕನ್ನಡಿಗನ ಬಾಯಿಂದ ಬರುವ ಮಾತು ಒಂದೇ: ‘ಭವ್ಯ’.

ಮಾತು ಒಂದೇ ಆದರೂ ಅನುಭವ ಒಂದೇ ಅಹುದೇ ಎಂಬುದು ವಿಚಾರಣೀಯ. ಗಿರಿಯ ಮುಂದೆ ಹುಟ್ಟುವ ಭವ್ಯತೆಯ ಅನುಭವ ಮಾನವನಿರ್ಮಿತ ವಸ್ತುವಿನ ಮುಂದೆಯೂ ಹುಟ್ಟಬಲ್ಲುದೇ? ಅಥವಾ ಅಲ್ಲಿ ಹುಟ್ಟುವುದು ಶಿಲ್ಪಿಯ ಕೌಶಲದ ಬಗೆಗಿನ ವಿಸ್ಮಯ ಮಾತ್ರವೇ? ಈ ಪ್ರಶ್ನೆಯನ್ನು ಪಾಶ್ಚಾತ್ಯ ಸೌಂದರ್ಯಮೀಮಾಂಸೆ ಹದಿನೆಂಟನೆಯ ಶತಮಾನದಲ್ಲಿ ಎತ್ತಿಕೊಂಡಿತು. ಶ್ರವಣಬೆಳಗೊಳದ ಒಂದು ಶಾಸನಪದ್ಯ ಅದನ್ನು ಹನ್ನೆರಡನೆಯ ಶತಮಾನದಲ್ಲಿಯೇ ಎದುರಿಸಿದೆ. ಆ ಪದ್ಯವನ್ನು ಬಿಂಬದ ಸ್ತುತಿಯೆಂದು ಓದುವ ರೂಢಿ ಬೆಳೆದುಬಂದಿದೆ. ಅದರೊಳಗಿರುವ ವಾದಸರಣಿಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಆ ವಾದವನ್ನು ಬಿಡಿಸಿ ನೋಡುವುದು ಪ್ರಸ್ತುತ ವಿವೇಚನೆಯ ಉದ್ದೇಶ.

ಮೊದಲು ಪೂರ್ವಪಕ್ಷವನ್ನು ಸರಿಯಾಗಿ ನಿರೂಪಿಸಿಕೊಳ್ಳಬೇಕು. 1757ರಲ್ಲಿ ಎಡ್ಮಂಡ್ ಬರ್ಕ್ ಸುಂದರ ಮತ್ತು ಭವ್ಯಗಳನ್ನು ಎರಡು ಬೇರೆ ಜಾತಿಗಳೆಂದು ವಿಂಗಡಿಸಿದನು. ಚಿಕ್ಕದು, ನುಣುಪಾದುದು, ಕೋಮಲವಾದುದು ಸುಂದರ. ವಿಶಾಲವಾದುದು, ಒರಟಾದುದು, ಕತ್ತಲೆ ಕವಿದುದು ಭವ್ಯ. ಭವ್ಯದ ಬೇರು ಭಯದಲ್ಲಿದೆ ಎಂಬುದು ಅವನ ಮತ. ಮಾನವಕೃತಿಗಳನ್ನು ಅವನು ಹೊರಗಿಡಲಿಲ್ಲ. ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನ ಕಲ್ಲುಗಳನ್ನು ನೆನೆದು, ಅವನ್ನು ಎತ್ತಿ ನಿಲ್ಲಿಸಲು ಬೇಕಾದ ಅಪಾರ ಶ್ರಮದ ಕಲ್ಪನೆಯೇ ಭವ್ಯತೆಗೆ ಒಂದು ಕಾರಣವೆಂದನು. ಇಮ್ಯಾನ್ಯುಯೆಲ್ ಕಾಂಟ್ 1790ರ ತನ್ನ ಗ್ರಂಥದಲ್ಲಿ ಇನ್ನೂ ಕಟ್ಟುನಿಟ್ಟಾದ ನಿಲುವನ್ನು ತಾಳಿದನು. ಕಟ್ಟಡ, ಕಂಬ ಮೊದಲಾದ ಕೃತಿಗಳಲ್ಲಿ ಆಕಾರ ಹಾಗೂ ಗಾತ್ರಗಳನ್ನು ಮಾನವನ ಉದ್ದೇಶವು ಗೊತ್ತುಮಾಡಿರುತ್ತದೆ. ಆದುದರಿಂದ ಶುದ್ಧ ಭವ್ಯತೆಯನ್ನು ಅಲ್ಲಿ ತೋರಿಸಲಾಗದು. ಪ್ರಾಣಿಗಳಂತೆ, ತಮ್ಮ ಪ್ರಯೋಜನ ಗೊತ್ತಾಗಿರುವ ಪ್ರಕೃತಿವಸ್ತುಗಳಲ್ಲಿಯೂ ತೋರಿಸಲಾಗದು. ಉದ್ದೇಶದ ಗುರುತಿಲ್ಲದ ಕಚ್ಚಾ ಪ್ರಕೃತಿಯಲ್ಲಿ ಮಾತ್ರ ಅದನ್ನು ತೋರಿಸಬಹುದು ಎಂಬುದು ಅವನ ವಾದ. ಅದೇ ಗ್ರಂಥದಲ್ಲಿ ಅವನು ಈಜಿಪ್ಟಿನ ಪಿರಮಿಡ್ಡುಗಳನ್ನೂ ರೋಮಿನ ಸಂತ ಪೀಟರನ ದೇವಾಲಯವನ್ನೂ ಉದಾಹರಣೆಗೆ ತಂದಿರುವುದರಿಂದ ಅವನ ವ್ಯಾಖ್ಯಾನಕಾರರಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ಆಕ್ಷೇಪದ ತಿರುಳು ಸ್ಪಷ್ಟ: ಉದ್ದೇಶವಿರುವಲ್ಲಿ ಭವ್ಯತೆ ನಿಲ್ಲದು.

ಈ ವಿಭಜನೆ ಇಂದಿಗೂ ಅಳಿದಿಲ್ಲ. ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಯಲ್ಲಿ ಪಶ್ಚಿಮಘಟ್ಟಗಳು 2012ರಲ್ಲಿ ‘ನೈಸರ್ಗಿಕ’ ವರ್ಗದಲ್ಲಿ ಸೇರಿದವು. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರಲ್ಲಿ ‘ಸಾಂಸ್ಕೃತಿಕ’ ವರ್ಗದಲ್ಲಿ ಸೇರಿದವು. ಒಂದೇ ಜಿಲ್ಲೆಯ ಗಿರಿ ಒಂದು ಖಾನೆಯಲ್ಲಿ, ಗುಡಿ ಇನ್ನೊಂದು ಖಾನೆಯಲ್ಲಿ. ಆಡಳಿತದ ಅನುಕೂಲಕ್ಕೆ ಇದು ಸಲ್ಲಬಹುದು, ತತ್ತ್ವನಿರ್ಣಯಕ್ಕೆ ಸಾಲದು.

ಕಾಂಟನ ಆಕ್ಷೇಪಕ್ಕೆ ಬಲವಿಲ್ಲವೆಂದು ಆತುರದಿಂದ ತಳ್ಳಿಹಾಕುವಂತಿಲ್ಲ. ಸಕಲೇಶಪುರದ ಬೆಟ್ಟಗಳಲ್ಲಿಯೇ ಅದಕ್ಕೆ ಎರಡು ನಿದರ್ಶನಗಳು ದೊರೆಯುತ್ತವೆ. ಮೊದಲನೆಯದು ಮಂಜರಾಬಾದಿನ ಕೋಟೆ. ಟಿಪ್ಪು ಸುಲ್ತಾನನು ಮಂಗಳೂರಿಗೂ ಘಟ್ಟದ ಮೇಲಣ ನಾಡಿಗೂ ನಡುವಣ ದಾರಿಯನ್ನು ಕಾಯುವುದಕ್ಕಾಗಿ ಕಟ್ಟಿಸಿದ ಈ ಕೋಟೆ 1792ರಲ್ಲಿ ಪೂರ್ಣಗೊಂಡಿತು. ಯುರೋಪಿನ ದುರ್ಗಶಾಸ್ತ್ರವನ್ನನುಸರಿಸಿ ಎಂಟು ಮೊನೆಗಳ ನಕ್ಷತ್ರದ ಆಕಾರದಲ್ಲಿ ಇದನ್ನು ರಚಿಸಲಾಗಿದೆ. ಆ ನಕ್ಷತ್ರದ ಸೌಂದರ್ಯ ನಕ್ಷೆಯಲ್ಲಿ ಕಾಣುತ್ತದೆ, ಆಕಾಶದಿಂದ ತೆಗೆದ ಚಿತ್ರದಲ್ಲಿ ಕಾಣುತ್ತದೆ. ಮೆಟ್ಟಿಲೇರಿ ಬಂದು ಒಳಗೆ ನಿಂತವನಿಗೆ ಕಾಣುವುದು ಗೋಡೆ, ಮಂಜು, ಮತ್ತು ಗೋಡೆಯಾಚೆಯ ಬೆಟ್ಟಗಳು. ಅದರ ಎತ್ತರ ಗುಡ್ಡದಿಂದ ಎರವಲು ತಂದುದು. ಎಂಟು ಮೊನೆಗಳೇಕೆ ಎಂದರೆ ಎಲ್ಲ ದಿಕ್ಕಿಗೂ ಗುಂಡು ಹಾರಿಸುವುದಕ್ಕೆ. ಇಲ್ಲಿ ಪ್ರತಿಯೊಂದು ಕೋನಕ್ಕೂ ಉದ್ದೇಶವೇ ಉತ್ತರ.

ಎರಡನೆಯದು ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗೆ ಘಟ್ಟವನ್ನಿಳಿಯುವ ರೈಲುದಾರಿ. 1979ರಲ್ಲಿ ತೆರೆದ ಈ ಸುಮಾರು 55 ಕಿಲೋಮೀಟರುಗಳ ದಾರಿಯಲ್ಲಿ 57 ಸುರಂಗಗಳೂ 109 ಸೇತುವೆಗಳೂ ಇವೆ. ಪ್ರತಿ 50 ಅಡಿಗೆ ಒಂದಡಿಯಂತೆ ಇಳಿಜಾರು. ಇದನ್ನು ಕಟ್ಟಿದ ಶ್ರಮವನ್ನು ನೆನೆದರೆ ಬರ್ಕನ ಮಾತಿನಂತೆ ಮನಸ್ಸು ಬೆರಗಾಗುವುದು ನಿಜ. ಆದರೆ ಆ ಬೆರಗು ಅದ್ಭುತರಸದ ಸ್ಥಾಯಿಯಾದ ವಿಸ್ಮಯ. ಸುರಂಗ ಹೇಗಾಯಿತು ಎಂದು ತಿಳಿದಷ್ಟೂ ವಿಸ್ಮಯ ಲೆಕ್ಕಾಚಾರವಾಗಿ ಕರಗುತ್ತದೆ. ಈ ಎರಡು ನಿರ್ಮಾಣಗಳ ಮಟ್ಟಿಗೆ ಕಾಂಟನ ನಿರ್ಣಯ ಬಾಧಿತವಾಗುವುದಿಲ್ಲ.

ಹೀಗಿರಲು, ಇದೇ ನಿರ್ಣಯ ವಿಂಧ್ಯಗಿರಿಯ ಬಿಂಬಕ್ಕೂ ಅನ್ವಯಿಸುವುದೇ? ಸುಮಾರು 1180ರಲ್ಲಿ ‘ಸುಜನೋತ್ತಂಸ’ನೆಂಬ ಬಿರುದಿನ ಬೊಪ್ಪಣ ಪಂಡಿತನು ರಚಿಸಿದ, ಬಿಂಬದ ಆವರಣದ ಬಾಗಿಲ ಬಳಿ ಕೆತ್ತಿರುವ ಕನ್ನಡ ಶಾಸನ ಇಲ್ಲಿ ನೆರವಿಗೆ ಬರುತ್ತದೆ. ಅದರ ಪ್ರಸಿದ್ಧ ಪದ್ಯವೊಂದರಲ್ಲಿ ಕವಿ ಮೂರು ಗುಣಗಳನ್ನು ಹೆಸರಿಸುತ್ತಾನೆ: ಔನ್ನತ್ಯ, ಸೌಂದರ್ಯ, ಅತಿಶಯ. ಪದ್ಯದ ನಡೆ ತಾರ್ಕಿಕವಾದುದು. ಬಹಳ ಎತ್ತರವಾದ ರೂಪದಲ್ಲಿ ಚೆಲುವು ಕೂಡದು ಎಂಬುದು ಮೊದಲ ಹೆಜ್ಜೆ. ಎತ್ತರವೂ ಚೆಲುವೂ ಕೂಡಿದರೂ ಅತಿಶಯ ಒದಗದು ಎಂಬುದು ಎರಡನೆಯ ಹೆಜ್ಜೆ. ಮೂರೂ ಒಂದೆಡೆ ನೆಲೆಸಿರುವ ಗೊಮ್ಮಟಜಿನನ ರೂಪ ತನಗೆ ತಾನೇ ಸಾಟಿ, ಆದುದರಿಂದ ಲೋಕಪೂಜ್ಯ ಎಂಬುದು ನಿಗಮನ.

ಮೊದಲ ಹೆಜ್ಜೆಯಲ್ಲಿ ಬೊಪ್ಪಣನು ಹೇಳುತ್ತಿರುವುದು ಶಿಲ್ಪಿಗಳ ಅನುಭವಸಿದ್ಧವಾದ ಮಾತು. ಗಾತ್ರ ಹೆಚ್ಚಿದಂತೆ ಪ್ರಮಾಣ ಕೆಡುತ್ತದೆ. ಕೆಳಗಿನಿಂದ ನೋಡುವವನಿಗೆ ತಲೆ ಕಿರಿದಾಗಿ ಕಾಲು ಹಿರಿದಾಗಿ ಕಾಣುತ್ತದೆ. ಗೊಮ್ಮಟನ ಮೊಣಕಾಲಿನಿಂದ ಕೆಳಗಿನ ಭಾಗ ತುಸು ಗಿಡ್ಡವೆಂದು ಆಧುನಿಕ ವಿಮರ್ಶಕರು ಆಡಿದ ಆಕ್ಷೇಪವೂ ಈ ನಿಯಮವನ್ನೇ ಸೂಚಿಸುತ್ತದೆ. ಇಲ್ಲಿಯವರೆಗೆ ಬೊಪ್ಪಣನೂ ಬರ್ಕನೂ ಜೊತೆಗಾರರು. ಹಿರಿದು ಮತ್ತು ಚೆಲುವು ಸಾಮಾನ್ಯವಾಗಿ ಕೂಡವು ಎಂಬುದರಲ್ಲಿ ಇಬ್ಬರಿಗೂ ಒಮ್ಮತ. ಬರ್ಕನು ಆ ವೈರವನ್ನು ವಸ್ತುಸ್ವಭಾವವೆಂದು ಒಪ್ಪಿ ಅಲ್ಲಿಯೇ ನಿಂತನು. ಅವನಿಗಿಂತ 577 ವರ್ಷ ಹಿಂದಿನ ಬೊಪ್ಪಣನು ಅದನ್ನು ಪೂರ್ವಪಕ್ಷವಾಗಿಟ್ಟುಕೊಂಡು ಮುಂದೆ ನಡೆದನು. ಪದ್ಯದ ಸ್ವಾರಸ್ಯವಿರುವುದು ಎರಡನೆಯ ಹೆಜ್ಜೆಯಲ್ಲಿ. ಔನ್ನತ್ಯಕ್ಕೆ ಸೌಂದರ್ಯ ಸೇರಿದರೂ ಕೊರತೆಯೊಂದು ಉಳಿಯುತ್ತದೆ ಎಂದು ಅವನು ಕಂಡುಕೊಂಡಿದ್ದಾನೆ. ಆ ಕೊರತೆಯನ್ನು ತುಂಬುವ ‘ಅತಿಶಯ’ ಯಾವುದು?

ಇಂಗ್ಲಿಷ್ ಅನುವಾದದಲ್ಲಿ ಈ ಪದಕ್ಕೆ ಅಲೌಕಿಕಶಕ್ತಿ ಎಂಬರ್ಥದ ಮಾತು ಬಳಕೆಯಾಗಿದೆ. ಅದಕ್ಕೆ ಆಧಾರವಿಲ್ಲದಿಲ್ಲ. ಬಿಂಬದ ಮೇಲೆ ಹಕ್ಕಿಗಳು ಮರೆತೂ ಹಾರವು, ಅದರ ಕಂಕುಳಿಂದ ಕುಂಕುಮಕೇಸರಿಯ ಕಾಂತಿಯೂ ಕಂಪೂ ಹೊಮ್ಮುತ್ತವೆ ಎಂದು ಅದೇ ಶಾಸನದಲ್ಲಿ ವರ್ಣಿತವಾಗಿದೆ. ಆದರೆ ಈ ಪವಾಡಗಳೇ ಅತಿಶಯವೆಂದರೆ ಪದ್ಯದ ತರ್ಕ ಶಿಥಿಲವಾಗುತ್ತದೆ. ಔನ್ನತ್ಯ ಸೌಂದರ್ಯಗಳೆರಡೂ ರೂಪದ ಗುಣಗಳು. ಮೂರನೆಯದು ರೂಪಕ್ಕೆ ಹೊರಗಿನಿಂದ ಅಂಟಿಸಿದ ಘಟನೆಯಾದರೆ ಮೂರನ್ನೂ ಒಂದೇ ಸರಣಿಯಲ್ಲಿ ಎಣಿಸುವುದು ಹೊಂದದು. ಆಗಮಪ್ರಸಿದ್ಧವಾದ 34 ಅತಿಶಯಗಳನ್ನು ಇಲ್ಲಿ ಗ್ರಹಿಸೋಣವೆಂದರೆ ಅವು ತೀರ್ಥಂಕರರಿಗೆ ಸಂಬಂಧಿಸಿದವು. ಬಾಹುಬಲಿ ಕೇವಲಿಯೇ ಹೊರತು ತೀರ್ಥಂಕರನಲ್ಲ. ಆದುದರಿಂದ ಪದದ ಅರ್ಥವನ್ನು ಪದ್ಯದ ನಿಗಮನದಲ್ಲಿಯೇ ಹುಡುಕಬೇಕಾಗುತ್ತದೆ. ನಿಗಮನದಲ್ಲಿರುವುದು ಅನನ್ವಯಾಲಂಕಾರ: ಗೊಮ್ಮಟನಿಗೆ ಗೊಮ್ಮಟನೇ ಉಪಮಾನ. ಹೋಲಿಕೆಯನ್ನು ಮೀರಿದ ಸ್ಥಿತಿಯೇ ಅತಿಶಯ. ಎತ್ತರ ಇನ್ನೊಂದು ಎತ್ತರದೊಡನೆ ಹೋಲಿಕೆಗೆ ಸಿಕ್ಕುತ್ತದೆ, ಚೆಲುವು ಇನ್ನೊಂದು ಚೆಲುವಿನೊಡನೆ, ಅತಿಶಯ ಸಿಕ್ಕದು. ಅಲಂಕಾರವೆಂದು ಕಾಣುವುದು ಇಲ್ಲಿ ಲಕ್ಷಣವೇ ಆಗಿದೆ.

ಆಶ್ಚರ್ಯವೆಂದರೆ ಕಾಂಟನು ಭವ್ಯಕ್ಕೆ ಕೊಟ್ಟ ಲಕ್ಷಣವೂ ಇದೇ. ಎಲ್ಲ ಹೋಲಿಕೆಗಳನ್ನು ಮೀರಿ ಹಿರಿದಾದುದು, ತನಗೆ ತಾನು ಮಾತ್ರ ಸಮವಾದ ಹಿರಿಮೆಯುಳ್ಳದ್ದು ಭವ್ಯ ಎಂದು ಅವನ ಮತ. ಲಕ್ಷಣದಲ್ಲಿ ಒಂದಾದ ಇಬ್ಬರೂ ಲಕ್ಷ್ಯದಲ್ಲಿ ಬೇರೆಯಾಗುತ್ತಾರೆ. ಒಬ್ಬನು ಅದನ್ನು ಕಚ್ಚಾ ಪ್ರಕೃತಿಗೆ ಮೀಸಲಿಟ್ಟನು. ಇನ್ನೊಬ್ಬನು ಅದನ್ನು ಕಡೆದ ಕಲ್ಲಿನಲ್ಲಿ ಕಂಡನು. ಬೊಪ್ಪಣನಿಗೆ ಗಿರಿಗಳ ಪರಿಚಯವಿರಲಿಲ್ಲವೆಂದು ಇದನ್ನು ಪರಿಹರಿಸಲಾಗದು. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು, ಎಂದರೆ ಇಂದಿನ ಅಂಗಡಿ, ಈ ಬೆಟ್ಟಸಾಲಿನ ಅಂಚಿನಲ್ಲಿಯೇ ಇದೆ, ಅಲ್ಲಿ ಬಸದಿಗಳಿವೆ. ಮಲೆನಾಡು ಜೈನಮುನಿಗಳಿಗೆ ಹೊಸತಾಗಿರಲಿಲ್ಲ. ಗಿರಿಯನ್ನು ಬಲ್ಲ ಪರಂಪರೆಯೇ ಬಿಂಬಕ್ಕೆ ಅತಿಶಯವನ್ನು ಆರೋಪಿಸಿದೆ ಎಂಬುದು ಗಮನಾರ್ಹ.

ಈಗ ಉದ್ದೇಶದ ಆಕ್ಷೇಪವನ್ನು ನೇರವಾಗಿ ಎದುರಿಸಬೇಕು. ಕಾಂಟನ ಮಾತಿನಂತೆ ಗೊಮ್ಮಟಬಿಂಬ ಎರಡು ಕಾರಣಗಳಿಂದ ಅನರ್ಹ: ಅದು ಮಾನವನಿರ್ಮಿತ, ಮತ್ತು ಅದು ಮಾನವಾಕೃತಿ. ಮಾನವದೇಹದ ಅಂಗಾಂಗಗಳಿಗೆ ಪ್ರಯೋಜನ ಗೊತ್ತಾಗಿಯೇ ಇದೆ. ಕೈ ಹಿಡಿಯಲು, ಕಾಲು ನಡೆಯಲು, ಕಣ್ಣು ನೋಡಲು. ಎರಡನೆಯ ಕಾರಣವನ್ನು ಮೊದಲು ನೋಡೋಣ. ಬಾಹುಬಲಿ ನಿಂತಿರುವುದು ಕಾಯೋತ್ಸರ್ಗದಲ್ಲಿ. ಕಾಯದ ಮಮತೆಯನ್ನು ಬಿಡುವುದೇ ಆ ಆಸನದ ಅರ್ಥ. ಇಲ್ಲಿ ಕೈಗಳು ಏನನ್ನೂ ಹಿಡಿದಿಲ್ಲ, ಮುದ್ರೆಯನ್ನೂ ತೋರುವುದಿಲ್ಲ. ಕಾಲುಗಳು ಎಲ್ಲಿಗೂ ಹೊರಟಿಲ್ಲ. ಕಣ್ಣು ಯಾರನ್ನೂ ಎದುರುನೋಡುವುದಿಲ್ಲ. ಭರತನನ್ನು ಎತ್ತಿ ಹಿಡಿದ ತೋಳುಗಳ ಮೇಲೆ ಮಾಧವೀಲತೆ ಹಬ್ಬಿದೆ. ಕಾಲ ಬಳಿ ಹುತ್ತ ಬೆಳೆದಿದೆ. ಪ್ರತಿಯೊಂದು ಅಂಗವೂ ತನ್ನ ಪ್ರಯೋಜನವನ್ನು ತೊರೆದಿರುವ ಸ್ಥಿತಿಯನ್ನು ಕಲ್ಲಿನಲ್ಲಿ ನಿಲ್ಲಿಸಲಾಗಿದೆ. ಪ್ರಾಣಿಯ ಆಕಾರದಲ್ಲಿ ಪ್ರಯೋಜನ ಕಾಣುವುದರಿಂದ ಭವ್ಯತೆ ಇಲ್ಲವೆಂಬ ವಾದ ಇಲ್ಲಿ ತಾಗುವುದಿಲ್ಲ. ಪ್ರಯೋಜನದ ತ್ಯಾಗವೇ ಇಲ್ಲಿ ಆಕಾರವಾಗಿದೆ.

ಮೊದಲ ಕಾರಣ ಇನ್ನೂ ಉಳಿದಿದೆ. ಮಾಡಿಸಿದವನಿಗೆ ಉದ್ದೇಶವಿತ್ತಷ್ಟೆ? ಬಿಂಬದ ಪಾದದ ಬಳಿ ಕನ್ನಡ, ತಮಿಳು, ಮರಾಠಿ ಭಾಷೆಗಳಲ್ಲಿ ಚಾವುಂಡರಾಯನು ಮಾಡಿಸಿದನೆಂಬ ಉಲ್ಲೇಖವಿದೆ. ಇದು ಮಾನವಕೃತಿ ಎಂಬುದನ್ನು ಪರಂಪರೆ ಮುಚ್ಚಿಡಲಿಲ್ಲ. ಮೂರು ಭಾಷೆಗಳಲ್ಲಿ ಸಾರಿತು. ಬೊಪ್ಪಣನು ಹೇಳುವ ಕಥೆಯೂ ಇದಕ್ಕೆ ಪೂರಕವಾಗಿದೆ. ಪೌದನಪುರದ ಬಳಿ ಭರತಚಕ್ರಿ ಮಾಡಿಸಿದ 525 ಬಿಲ್ಲುಗಳ ಎತ್ತರದ ಬಿಂಬವನ್ನು ಕುಕ್ಕುಟಸರ್ಪಗಳು ಸುತ್ತುವರಿದು ಆ ಪ್ರದೇಶ ಅಗಮ್ಯವಾಯಿತು. ಅದನ್ನು ನೋಡಬಯಸಿದ ಚಾವುಂಡರಾಯನಿಗೆ ಅದು ದೂರ, ದುರ್ಗಮ ಎಂದು ಹಿರಿಯರು ತಿಳಿಸಲು, ಅವನು ತಾನೇ ಅಂತಹ ಬಿಂಬವನ್ನು ಮಾಡಿಸಲು ನಿಶ್ಚಯಿಸಿದನು. ಕಣ್ಣಿಗೆ ನಿಲುಕದ ಒಂದು ಹಿರಿಮೆಯ ಸ್ಥಾನದಲ್ಲಿ ಈ ಬಿಂಬ ನಿಂತಿದೆ. ಆ ಮೂಲದ 525 ಬಿಲ್ಲುಗಳ ಮುಂದೆ ಇದರ 58 ಅಡಿ ಎಷ್ಟರದು! ಮೂಲಕ್ಕಿಂತ ಇಷ್ಟು ಕಿರಿದಾದ ಪ್ರತಿರೂಪವನ್ನು ಕವಿ ಅನನ್ವಯದಿಂದ ಕೊಂಡಾಡಿರುವಾಗ, ಅವನ ಅತಿಶಯ ಅಳತೆಯಲ್ಲಿಲ್ಲವೆಂಬುದು ನಿಸ್ಸಂಶಯವಾಗುತ್ತದೆ.

ಮಾಡಿಸಿದವನ ‘ನಾನು’ ಎಂಬುದು ಕೃತಿಯಲ್ಲಿ ಉಳಿದರೆ ಅದು ಹಿರಿಮೆಗೆ ಅಡ್ಡಿ ಎಂಬುದನ್ನು ಜನಪರಂಪರೆಯೂ ಅರಿತಿತ್ತು. ಚಾವುಂಡರಾಯನು ಅಭಿಷೇಕ ಮಾಡಿಸಿದಾಗ ಕೊಡಗಟ್ಟಲೆ ಹಾಲೆರೆದರೂ ಅದು ಕೆಳಗಿನವರೆಗೆ ಇಳಿಯಲಿಲ್ಲ, ಮುದುಕಿಯೊಬ್ಬಳು ಗುಳ್ಳದ ಕಾಯಿಯಲ್ಲಿ ತಂದ ಅಷ್ಟೇ ಹಾಲು ಪಾದದವರೆಗೆ ಹರಿಯಿತು ಎಂಬ ಗುಳ್ಳಕಾಯಜ್ಜಿಯ ಐತಿಹ್ಯ ಸರ್ವವಿದಿತ. ಆ ಅಜ್ಜಿಯ ಪ್ರತಿಮೆ ಇಂದಿಗೂ ಬಿಂಬಕ್ಕೆ ಎದುರಾಗಿ ನಿಂತಿದೆ. ಇದನ್ನು ಸೌಂದರ್ಯಮೀಮಾಂಸೆಯ ದೃಷ್ಟಿಯಿಂದ ಓದಿದರೆ ಕಾಂಟನ ಆಕ್ಷೇಪವೂ ಅದರ ಪರಿಹಾರವೂ ಒಂದೇ ಕಥೆಯಲ್ಲಿ ಸಿಕ್ಕುತ್ತವೆ. ಕರ್ತೃವಿನ ಅಹಂಕಾರ ಇರುವವರೆಗೆ ಕೃತಿ ಪೂರ್ಣವಾಗದು. ಅದು ಕಳಚಿದಾಗ ಕೃತಿ ಕರ್ತೃವಿನದಾಗಿ ಉಳಿಯದು.

ಜೈನಸಿದ್ಧಾಂತದಲ್ಲಿ ಈ ಪ್ರಶ್ನೆಗೆ ಇನ್ನೂ ಗಟ್ಟಿಯಾದ ನೆಲೆಯಿದೆ. ಚೈತ್ಯ ಹಾಗೂ ಚೈತ್ಯಾಲಯಗಳನ್ನು ಕೃತ್ರಿಮ, ಅಕೃತ್ರಿಮ ಎಂದು ಎರಡಾಗಿ ವಿಂಗಡಿಸುವುದು ವಿದ್ವಾಂಸರಿಗೆ ತಿಳಿದ ವಿಷಯ. ಇಂದಿನ ಆಡುಮಾತಿನಲ್ಲಿ ‘ಕೃತ್ರಿಮ’ಕ್ಕೆ ಕಪಟವೆಂಬ ಅರ್ಥ ಬಂದಿದ್ದರೂ ಆಗಮದಲ್ಲಿ ಅದಕ್ಕೆ ‘ಮಾಡಲ್ಪಟ್ಟದ್ದು’ ಎಂಬುದಷ್ಟೇ ಅರ್ಥ. ಚಾವುಂಡರಾಯನ ಗುರುವಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ತನ್ನ ತ್ರಿಲೋಕಸಾರದಲ್ಲಿ ಯಾರೂ ಮಾಡದ, ಅನಾದಿನಿಧನವಾದ ಜಿನಭವನಗಳನ್ನು ವರ್ಣಿಸಿದ್ದಾನೆ. ಪರಂಪರಾಗತ ಗಣನೆಯಂತೆ ಮೂರು ಲೋಕಗಳಲ್ಲಿ ಅವುಗಳ ಸಂಖ್ಯೆ 8,56,97,481. ಒಂದೊಂದರಲ್ಲಿಯೂ 108 ಬಿಂಬಗಳು. ಮೇರುವಿನ ಮೇಲೆ, ಕುಲಪರ್ವತಗಳ ಮೇಲೆ, ನಂದೀಶ್ವರದ್ವೀಪದ 52 ಸ್ಥಾನಗಳಲ್ಲಿ ಅವು ನೆಲೆಸಿವೆ. ಗುರು ಅಕೃತ್ರಿಮ ಬಿಂಬಗಳನ್ನು ಎಣಿಸುತ್ತಿದ್ದ ಕಾಲದಲ್ಲಿಯೇ ಶಿಷ್ಯನು ಕೃತ್ರಿಮ ಬಿಂಬವೊಂದನ್ನು ಮಾಡಿಸಿದನು ಎಂಬುದು ಕಾಕತಾಳೀಯವೆಂದು ತೋರುವುದಿಲ್ಲ. ಪೂಜೆಯಲ್ಲಿ ಇವೆರಡಕ್ಕೂ ಒಂದೇ ಉಸಿರಿನಲ್ಲಿ ವಂದನೆ ಸಲ್ಲುತ್ತದೆ. ಮಾಡಿದುದು ಮಾಡದುದು ಎಂಬ ಭೇದವನ್ನು ಜೈನರು ಅರಿಯದೆ ಮರೆತವರಲ್ಲ. ಅರಿತು, ಹೆಸರಿಟ್ಟು, ವಂದನೀಯತೆಯ ವಿಷಯದಲ್ಲಿ ಅದು ನಿರ್ಣಾಯಕವಲ್ಲವೆಂದು ತೀರ್ಮಾನಿಸಿದವರು.

ಏಕೆ ನಿರ್ಣಾಯಕವಲ್ಲ? ಉತ್ತರ ನಿಮಿತ್ತ-ಉಪಾದಾನಗಳ ವಿಚಾರದಲ್ಲಿದೆ. ಸಮ್ಯಗ್ದರ್ಶನದ ಬಾಹ್ಯಸಾಧನಗಳನ್ನು ಎಣಿಸುವಾಗ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಮನುಷ್ಯರಿಗೆ ಜಾತಿಸ್ಮರಣ, ಧರ್ಮಶ್ರವಣ, ಜಿನಬಿಂಬದರ್ಶನ ಎಂಬ ಮೂರನ್ನು ಹೇಳಿದ್ದಾರೆ. ತಿರ್ಯಂಚರಿಗೂ ಇವೇ ಮೂರು. ಆ ಪಟ್ಟಿಯಲ್ಲಿ ಬಿಂಬವಿದೆ, ಗಿರಿಯ ಹೆಸರಿಲ್ಲ. ಬಿಂಬವೂ ಜಡವೇ, ನಿಮಿತ್ತವೇ. ಉಪಾದಾನ ಮಾತ್ರ ಜೀವ. ನಿಜವಾದ ಭವ್ಯತೆಯನ್ನು ನೋಡುವವನ ಚಿತ್ತದಲ್ಲಿ ಅರಸಬೇಕು, ವಸ್ತುವಿನಲ್ಲಲ್ಲ ಎಂದು ಕಾಂಟನೂ ಒಪ್ಪಿದ್ದಾನೆ. ಹಾಗಾದರೆ ವಸ್ತುವನ್ನು ಮಾಡಿದವರು ಯಾರು ಎಂಬ ವಿಚಾರಕ್ಕೆ ಅವನು ಅಷ್ಟು ತೂಕ ಕೊಟ್ಟದ್ದು ಅವನ ಸಿದ್ಧಾಂತಕ್ಕೆ ತಕ್ಕುದಾಗಿಲ್ಲ. ನೋಡುವವನ ಗಮನವನ್ನು ಕರ್ತೃವಿನ ಉದ್ದೇಶ ಹಿಡಿದು ನಿಲ್ಲಿಸುವುದೋ ದಾಟಿಸುವುದೋ ಎಂಬುದಷ್ಟೇ ಅಲ್ಲಿ ಕೇಳಬೇಕಾದ ಪ್ರಶ್ನೆ. ಮಂಜರಾಬಾದಿನ ಮೊನೆ ಗಮನವನ್ನು ಹಿಡಿದು ನಿಲ್ಲಿಸುತ್ತದೆ. ಕಾಯೋತ್ಸರ್ಗದ ಬಿಂಬ ದಾಟಿಸುತ್ತದೆ.

ಇಲ್ಲಿಯೇ ‘ಭವ್ಯ’ ಶಬ್ದದ ವಿಚಾರವೂ ಬರುತ್ತದೆ. ಆಧುನಿಕ ಕನ್ನಡ ವಿಮರ್ಶೆ ಪಾಶ್ಚಾತ್ಯ ಪರಿಭಾಷೆಗೆ ಸಂವಾದಿಯಾಗಿ ಈ ಪದವನ್ನು ಆರಿಸಿಕೊಂಡಾಗ ಅದರ ಜೈನ ಅರ್ಥ ಹಿಂದೆ ಸರಿಯಿತು. ಆಗಮದಲ್ಲಿ ಭವ್ಯನೆಂದರೆ ರತ್ನತ್ರಯ ಪ್ರಕಟವಾಗುವ ಯೋಗ್ಯತೆಯುಳ್ಳ ಜೀವ. ಭವ್ಯತ್ವವು ಜೀವತ್ವ, ಅಭವ್ಯತ್ವಗಳೊಡನೆ ಪಾರಿಣಾಮಿಕ ಭಾವಗಳಲ್ಲಿ ಎಣಿಸಿದ್ದು. ಈ ಅರ್ಥದಲ್ಲಿ ಬೆಟ್ಟ ಭವ್ಯವಾಗಲಾರದು, ಕಲ್ಲಿನ ಬಿಂಬವೂ ಆಗಲಾರದು. ಅವುಗಳ ಮುಂದೆ ನಿಂತವನು ಆಗಬಹುದು. ಪರಿಭಾಷೆಯನ್ನು ಆರಿಸಿದವರ ಅರಿವಿಗೆ ಬಂದಿತ್ತೋ ಇಲ್ಲವೋ, ಪದವೇ ತತ್ತ್ವವನ್ನು ಸೂಚಿಸುತ್ತಿದೆ. ಆದರೆ ಸಾಮ್ಯವನ್ನು ಅತಿಯಾಗಿ ಎಳೆಯಬಾರದು. ಸಂಸ್ಕಾರವಿಲ್ಲದವನಿಗೆ ಗಿರಿಯಲ್ಲಿ ಭಯ ಮಾತ್ರ ಕಾಣುತ್ತದೆ ಎಂದು ಕಾಂಟನು ಹೇಳುವಾಗ ಅವನ ಲಕ್ಷ್ಯ ನೈತಿಕ ಸಂಸ್ಕಾರದ ಕಡೆಗಿದೆ. ಭವ್ಯತ್ವವಾದರೋ ಸಂಸ್ಕಾರದಿಂದ ಬರುವಂಥದಲ್ಲ. ಅದು ಜೀವದ ಸಹಜ ಭಾವ. ಒಬ್ಬನು ಶಿಕ್ಷಣದ ಮಾತಾಡುತ್ತಾನೆ, ಇನ್ನೊಂದು ಪರಂಪರೆ ಸ್ವಭಾವದ ಮಾತಾಡುತ್ತದೆ.

ಇನ್ನೊಂದು ಆಕ್ಷೇಪ ಉಳಿಯುತ್ತದೆ. ಗೊಮ್ಮಟನ ಮುಖದಲ್ಲಿರುವುದು ಪ್ರಶಾಂತಿ. ಭವ್ಯಕ್ಕೆ ಬೇಕಾದ ನಡುಕ ಅಲ್ಲಿಲ್ಲ. ಆದುದರಿಂದ ಅದು ಸುಂದರವೇ ಹೊರತು ಭವ್ಯವಲ್ಲ ಎನ್ನಬಹುದು. ನೋಡುವ ಕ್ರಮವನ್ನು ಪರಿಶೀಲಿಸಿದರೆ ಇದಕ್ಕೆ ಸಮಾಧಾನ ದೊರೆಯುತ್ತದೆ. ಪಿರಮಿಡ್ಡನ್ನು ಬಹಳ ಹತ್ತಿರದಿಂದಲೂ ಬಹಳ ದೂರದಿಂದಲೂ ನೋಡಬಾರದೆಂಬ ಪ್ರವಾಸಿಯೊಬ್ಬನ ಮಾತನ್ನು ಕಾಂಟನು ಉದ್ಧರಿಸಿದ್ದಾನೆ. ಗಂಗರಾಜನು ಕಟ್ಟಿಸಿದ ಸುತ್ತಾಲಯದಿಂದಾಗಿ ಗೊಮ್ಮಟನಿಗೆ ಅಂತಹ ಮಧ್ಯದೂರವೇ ಇಲ್ಲ. ದೂರದ ಬಯಲಿನಿಂದ ಗೋಡೆಯ ಮೇಲೆ ಅರ್ಧ ದೇಹ ಮಾತ್ರ ಕಾಣುತ್ತದೆ. ಒಳಗೆ ಬಂದವನು ಪಾದದ ಬುಡದಲ್ಲಿಯೇ ನಿಲ್ಲುತ್ತಾನೆ. ಪಾದದಿಂದ ಮುಖಕ್ಕೆ ಕಣ್ಣು ಏರುವಷ್ಟರಲ್ಲಿ ಪಾದ ದೃಷ್ಟಿಯಿಂದ ಜಾರಿಹೋಗಿರುತ್ತದೆ. ಇಡಿಯನ್ನು ಒಮ್ಮೆಗೆ ಹಿಡಿಯಲಾಗದ ಈ ಸೋಲು ಕಾಂಟನು ವರ್ಣಿಸಿದ ಸೋಲೇ. ಸೋತ ಕಣ್ಣು ಕೊನೆಗೆ ತಲುಪುವುದು ಭಯದ ಮುಖವನ್ನಲ್ಲ, ಯಾವುದಕ್ಕೂ ಸೋಲದ ಮಂದಸ್ಮಿತವನ್ನು.

ಭವ್ಯಕ್ಕೆ ಭಯ ಅನಿವಾರ್ಯವೆಂಬುದೂ ಸರ್ವಸಮ್ಮತವಲ್ಲ. ಶ್ವೇತಾಂಬರ ಆಗಮವಾದ ಅನುಯೋಗದ್ವಾರಸೂತ್ರದಲ್ಲಿ ಒಂಬತ್ತು ರಸಗಳನ್ನು ಎಣಿಸುವಾಗ ಭಯಾನಕಕ್ಕೆ ಬೇರೆ ಸ್ಥಾನವಿಲ್ಲ. ಅದರ ಬದಲು ಲಜ್ಜೆಯ ರಸವಿದೆ. ಪಟ್ಟಿಯ ಮೊದಲಲ್ಲಿ ವೀರ, ಕೊನೆಯಲ್ಲಿ ಪ್ರಶಾಂತ. ವೀರದ ಗುರುತುಗಳಲ್ಲಿ ಶತ್ರುನಾಶದ ಜೊತೆಗೆ ತ್ಯಾಗವೂ ತಪಸ್ಸೂ ಸೇರಿವೆ. ಗೆದ್ದು, ಗೆದ್ದುದನ್ನು ಬಿಟ್ಟು, ತಪಸ್ಸಿಗೆ ನಿಂತ ಬಾಹುಬಲಿಯ ಕಥೆ ಈ ವೀರದಿಂದ ಆ ಪ್ರಶಾಂತದವರೆಗಿನ ನಡೆಯೇ ಆಗಿದೆ. ಬರ್ಕನ ಭಯದ ಜಾಗದಲ್ಲಿ ಈ ಪರಂಪರೆ ತ್ಯಾಗವನ್ನು ಇಟ್ಟಿತು ಎಂದರೆ ತಪ್ಪಾಗದು.

ಈ ವಿವೇಚನೆ ಕೇವಲ ಶಾಸ್ತ್ರಚರ್ಚೆಯಾಗಿ ಉಳಿಯತಕ್ಕದ್ದಲ್ಲ. 2016ರಲ್ಲಿ ಮಹಾರಾಷ್ಟ್ರದ ಮಾಂಗಿತುಂಗಿಯಲ್ಲಿ 108 ಅಡಿಯ ಋಷಭದೇವನ ಬಿಂಬ ಪ್ರತಿಷ್ಠೆಗೊಂಡಿತು. 2018ರಲ್ಲಿ ಗುಜರಾತಿನಲ್ಲಿ 182 ಮೀಟರ್ ಎತ್ತರದ ಲೌಕಿಕ ಪ್ರತಿಮೆಯೊಂದು ಲೋಕಾರ್ಪಣೆಯಾಯಿತು. ಹಿರಿಮೆ ಅಡಿಗಳ ಲೆಕ್ಕವಾದರೆ ಪ್ರತಿ ಹೊಸ ಪ್ರತಿಮೆಯೂ ಹಳೆಯದನ್ನು ಕುಗ್ಗಿಸುತ್ತ ಹೋಗಬೇಕು. ಹಾಗೆ ಕುಗ್ಗುವುದು ಔನ್ನತ್ಯ. ಅತಿಶಯ ಕುಗ್ಗದು. ಬಿಂಬ ಹಿರಿದಾಗಿರಲಿ, ಅಂಗೈಯಗಲದ್ದಾಗಿರಲಿ, ಅದರಲ್ಲಿ ತ್ಯಾಗ ಕಾಣುವುದೋ ಮಾಡಿಸಿದವನ ಸಾಮರ್ಥ್ಯ ಕಾಣುವುದೋ ಎಂದು ಕೇಳುವ ಧೈರ್ಯವನ್ನು ಬೊಪ್ಪಣನ ಪದ್ಯ ವಿಮರ್ಶಕನಿಗೆ ಕೊಡುತ್ತದೆ.

ಕೊನೆಯದಾಗಿ ಸಕಲೇಶಪುರದ ಕೋಟೆಗೆ ಮರಳಬೇಕು. ಇಂದು ಅಲ್ಲಿ ಸೈನ್ಯವಿಲ್ಲ. ಗೋಡೆಯ ಸಂದುಗಳಲ್ಲಿ ಹುಲ್ಲು ಬೆಳೆದಿದೆ, ಮೊನೆಗಳಿಗೆ ಕಾಯಬೇಕಾದ ದಾರಿಯಿಲ್ಲ. ಉದ್ದೇಶ ಹೋದುದರಿಂದ ಅದೂ ಈಗ ಭವ್ಯವಾಯಿತೇ ಎಂದು ಕೇಳಬಹುದು. ಮಂಜು ಕವಿದ ಮುಂಜಾನೆ ಅಲ್ಲಿ ನಿಂತವನಿಗೆ ರಾಜ್ಯಗಳ ಅನಿತ್ಯತೆ ನೆನಪಾಗಿ ಒಂದು ಬಗೆಯ ವಿರಕ್ತಿ ಮೂಡುವುದು ಸಹಜ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಸಿದ್ಧಾಂತದಲ್ಲಿ ಅಕಾಮನಿರ್ಜರೆಗೂ ತಪಸ್ಸಿನಿಂದಾಗುವ ನಿರ್ಜರೆಗೂ ಅಂತರವಿದೆ. ಬಯಸದೆ ಬಂದ ಕಷ್ಟವನ್ನು ಸಹಿಸಿದುದರಿಂದಾಗುವ ನಿರ್ಜರೆ ಒಂದು, ಸಂಕಲ್ಪಪೂರ್ವಕವಾಗಿ ಕಳಚಿಕೊಳ್ಳುವುದು ಇನ್ನೊಂದು. ಮೊದಲನೆಯದರಿಂದ ದೇವಾಯುಷ್ಯ ದೊರೆತೀತು, ಮೋಕ್ಷವಲ್ಲ. ಕೋಟೆಯ ಉದ್ದೇಶವನ್ನು ಕಾಲ ಕಸಿದುಕೊಂಡಿತು. ಬಾಹುಬಲಿ ತನ್ನದನ್ನು ತಾನೇ ಬಿಟ್ಟನು. ಶಿಲ್ಪಿ ಆ ಬಿಡುವಿಕೆಯನ್ನು ಕಲ್ಲಿನ ಹೆಚ್ಚಿನ ಭಾಗವನ್ನು ತೆಗೆತೆಗೆದು ತೋರಿಸಿದನು. ವಿಂಧ್ಯಗಿರಿಯ ಶಿಖರದ ಬಂಡೆ ಮೊದಲೂ ಅಲ್ಲಿಯೇ ಇತ್ತು. ಅದು ಗಿರಿಯಾಗಿದ್ದಾಗ ಹಿರಿಮೆ ಎಂದರೇನೆಂಬ ಪ್ರಶ್ನೆಯನ್ನು ಎಬ್ಬಿಸುತ್ತಿತ್ತು. ಬಿಂಬವಾದ ಮೇಲೆ ಅದಕ್ಕೆ ಉತ್ತರವಾಗಿ ನಿಂತಿದೆ. ಮಾನವನಿರ್ಮಿತವಾದುದು ಭವ್ಯಕ್ಕೆ ನಿಮಿತ್ತವಾಗಬಲ್ಲುದು. ಆದರೆ ಅದನ್ನು ನಿರ್ಮಿಸಿದ ಮಾನವನು ಅದರಿಂದ ಹೊರಗೆ ಸರಿದು ನಿಂತಾಗ ಮಾತ್ರ.